ಓಡಿಸುವವರ ಪುಟ

ನನ್ನ ಓರಗಿತ್ತಿಯ ಬಗ್ಗೆ ಬರೆಯುವುದಕ್ಕೆ ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ತೊಂದರೆಯೆಂದರೆ ಅವರೆಲ್ಲ ಅವಳನ್ನು ಹೊಗಳುತ್ತಾರೆ, ಓದುವವರಿಗೆ ಆಕಳಿಕೆ ಬರುತ್ತದೆ. ಹಾಗಾಗಿ ಹನ್ನೆರಡು ವರ್ಷ ಅವಳನ್ನು ನೋಡಿ ನೋಡಿ ಹೊಟ್ಟೆ ಉರಿಸಿಕೊಂಡ ನಾನೇ ಬರೆಯುವುದು ವಾಸಿ. ಹೊಟ್ಟೆಕಿಚ್ಚು ಪಡುವವರಷ್ಟು ಗಮನವಿಟ್ಟು ಯಾರು ತಾನೇ ಇನ್ನೊಬ್ಬರನ್ನು ನೋಡುತ್ತಾರೆ? ಅವಳು ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾಳೆ ಎನ್ನುವುದು ಅವಳ ಗಂಡನಿಗೆ ಗೊತ್ತಿಲ್ಲ, ನನಗೆ ಗೊತ್ತು. ಒಂದೂವರೆ ಚಮಚ.

ಅವಳು ನನ್ನ ಮೈದುನನ ಹೆಂಡತಿ. ಕಡ್ಡಿಯಂಥ ಆಳು, ತುರುಬಿನಲ್ಲಿ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆ, ಹಾಗಾಗಿ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವಳು ಪೆನ್ಸಿಲ್ಲೇ. ಅವಳ ತಂದೆ ಗ್ಯಾರೇಜು ಇಟ್ಟುಕೊಂಡಿದ್ದವರು. ಹದಿನೆಂಟು ತುಂಬಿದ ವಾರವೇ ಲೈಸೆನ್ಸ್ ತೆಗೆದುಕೊಂಡವಳು. ಶಾಲೆಯಲ್ಲಿ ಹೇಳಿಕೊಳ್ಳುವಂಥ ಅಂಕಗಳಿಲ್ಲ, ಆದರೆ ಅಪ್ಪನ ಗಿರಾಕಿಗಳಿಗೆ ಯಾವ ಭಾಗ ಎಲ್ಲಿ ಕೆಟ್ಟಿದೆ ಎಂದು ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸುತ್ತಿದ್ದಳಂತೆ. ಮದುವೆಯಾದ ಮೇಲೂ ಅವಳಿಗೆ ಸ್ಟಿಯರಿಂಗ್ ತಪ್ಪಲಿಲ್ಲ. ಮೈದುನ ಕುಡುಕನೇನಲ್ಲ, ಆದರೆ ನಾಲ್ಕು ಜನ ಗ್ಲಾಸು ಹಿಡಿದ ಕಡೆ ಐದನೆಯವನು ಅವನೇ. ಯಾವ ಮನೆಯ ಯಾವ ಕೂಟವಾದರೂ ಇವಳು ಕಾರಿನ ಕೀಲಿ ಹಿಡಿದು ಒಂದು ಮೂಲೆಯಲ್ಲಿ ನೀರು ಕುಡಿಯುತ್ತ ಕೂತಿರುತ್ತಿದ್ದಳು. ಆಮೇಲೆ ಅವನನ್ನೂ ನನ್ನ ಗಂಡನನ್ನೂ ನನ್ನನ್ನೂ ಅವರವರ ಬಾಗಿಲಿಗೆ ಮುಟ್ಟಿಸುತ್ತಿದ್ದಳು.

ಅವಳನ್ನು ನಮ್ಮ ಆಫೀಸಿಗೆ ಕರೆತಂದವಳು ನಾನೇ, ಕೈಯಾರೆ. ಮಗು ಶಾಲೆಗೆ ಹೋಗತೊಡಗಿತ್ತು, ಮನೆಯಲ್ಲಿ ಬೇಜಾರು ಎಂದಳು. ನಮ್ಮದು ಔಷಧಿ ಅಂಗಡಿಯ ಮೇಲಿನ ಮಹಡಿ. ಎರಡು ಕೋಣೆ, ನಾಲ್ಕು ಮೇಜು, ಮೆಟ್ಟಿಲು ಹತ್ತುವಾಗಲೆಲ್ಲ ಕೆಮ್ಮಿನ ಸಿರಪ್ಪಿನ ವಾಸನೆ. ಬಾಟಲಿಯ ಲೇಬಲ್ಲು, ಶಾಲೆಗಳ ಕೈಪಿಡಿ, ಆಮೇಲಾಮೇಲೆ ವೆಬ್‌ಸೈಟು, ಬಂದ ಕೆಲಸವನ್ನೆಲ್ಲ ಮಾಡುತ್ತಿದ್ದೆವು. ಅಕ್ಷರದ ಅಳತೆಯಿಂದ ಹಿಡಿದು ಮೌಸ್ ಹಿಡಿಯುವ ತನಕ ಅವಳಿಗೆ ನಾನೇ ಕಲಿಸಿದೆ. ಆರು ತಿಂಗಳಿಗೆ ಅವಳು ಕೇಳುವುದನ್ನು ನಿಲ್ಲಿಸಿದಳು. ವರ್ಷ ತುಂಬುವ ಹೊತ್ತಿಗೆ ಉಳಿದವರು ನನ್ನ ಮೇಜನ್ನು ದಾಟಿ ಅವಳ ಮೇಜಿಗೆ ಹೋಗಿ ಕೇಳತೊಡಗಿದರು.

ಆಫೀಸಿನ ಮಾತು ಹಾಗಿರಲಿ, ಮನೆಯಲ್ಲಾದರೂ ನೆಮ್ಮದಿ ಇತ್ತೇ? ಅತ್ತೆಗೆ ಸಣ್ಣ ಸೊಸೆ ಮಾಡಿದ ಚಹಾವೇ ಆಗಬೇಕು. ನನ್ನ ಗಂಡ ನನ್ನೆದುರು ಪೇಪರಿನಿಂದ ತಲೆಯೆತ್ತದವರು, ಅವಳ ಅರ್ಧ ತಮಾಷೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೆತ್ತ ಮಗಳು ಶಾಲೆಯ ಭೂಪಟ ಬರೆಯಬೇಕಾದಾಗ, ತಾಯಿ ಇದೇ ಕಸುಬಿನವಳು ಎನ್ನುವುದನ್ನೇ ಮರೆತು ಚಿಕ್ಕಮ್ಮನ ಮನೆಗೆ ಓಡುತ್ತಿದ್ದಳು. ನಾನು ನಗುನಗುತ್ತ ಬಣ್ಣದ ಡಬ್ಬಿ ಕೊಟ್ಟು ಕಳಿಸಿ, ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಅವಳ ಮೇಲೆ ಒಂದು ತಪ್ಪು ಹೊರಿಸೋಣವೆಂದರೆ ಅದೂ ಕೈಗೆ ಸಿಗುತ್ತಿರಲಿಲ್ಲ.

ಇಷ್ಟೆಲ್ಲ ಆದರೂ ಒಂದು ನಂಬಿಕೆ ಇತ್ತು. ಕಿಟಕಿಯ ಪಕ್ಕದ ಮೇಜು ಮುಖ್ಯ ವಿನ್ಯಾಸಗಾರರದ್ದು. ಅವರು ನಿವೃತ್ತರಾದ ಮೇಲೆ ಅದು ಖಾಲಿ ಬಿದ್ದಿತ್ತು. ಇಪ್ಪತ್ತು ವರ್ಷದಿಂದ ನಾನು ಆ ಮೇಜಿನ ಪಕ್ಕದ ಮೇಜಿನಲ್ಲಿ ಕೂತವಳು, ನ್ಯಾಯವಾಗಿ ನನ್ನ ಸರದಿ. ಆದರೆ ಆಫೀಸಿನ ಯಜಮಾನರು ಬಾಯಿ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಡಿಸ್ಟಿಲರಿಯ ಕೆಲಸ ಬಂತು.

ನದಿಯ ಉದ್ದಕ್ಕೂ ಹನ್ನೊಂದು ಸಣ್ಣ ಡಿಸ್ಟಿಲರಿಗಳಿದ್ದವು. ಕೆಲವರು ಧಾನ್ಯದಿಂದ, ಕೆಲವರು ಹಣ್ಣಿನಿಂದ ಮದ್ಯ ಇಳಿಸುವವರು. ಅವರೆಲ್ಲ ಸೇರಿ ಸಂಘ ಕಟ್ಟಿಕೊಂಡು, ಪ್ರವಾಸಿಗರು ಒಂದರಿಂದ ಇನ್ನೊಂದಕ್ಕೆ ಹೋಗಿ ನೋಡಿ, ರುಚಿ ನೋಡಿ ಬರುವಂಥ ಒಂದು ದಾರಿ ಮಾಡಬೇಕೆಂದಿದ್ದರು. ಅದಕ್ಕೊಂದು ವೆಬ್‌ಸೈಟು ಬೇಕಾಗಿತ್ತು. ಈ ಸುದ್ದಿ ಕೇಳಿ ನಮ್ಮ ಅತ್ತೆ, ಭಟ್ಟಿಯೆಂದರೆ ಕಳ್ಳಭಟ್ಟಿ ಒಂದೇ ಎಂದು ತಿಳಿದವರು, ಇಬ್ಬರು ಸೊಸೆಯರೂ ಕೈಕೋಳ ಹಾಕಿಸಿಕೊಳ್ಳುವ ಕೆಲಸಕ್ಕೆ ಕೈ ಹಾಕಿದ್ದೀರಿ ಎಂದು ಎರಡು ದಿನ ಮಾತು ಬಿಟ್ಟರು. ಯಜಮಾನರು ನಮ್ಮಿಬ್ಬರನ್ನೂ ಕರೆದು, ಬೇರೆ ಬೇರೆಯಾಗಿ ಒಂದೊಂದು ಪ್ರೊಟೊಟೈಪ್ ಮಾಡಿ ಎಂದರು. ಪ್ರೊಟೊಟೈಪ್ ಎಂದರೆ ನಿಜವಾದ ಸೈಟು ಕಟ್ಟುವ ಮೊದಲು ಮಾಡುವ ಮಾದರಿ, ಒಳಗೆ ಏನೂ ಇರುವುದಿಲ್ಲ, ಮೇಲಿನ ಮುಖ ಮಾತ್ರ. ಸಂಘದವರು ಯಾರದನ್ನು ಒಪ್ಪುತ್ತಾರೋ ಅವರೇ ಮುಂದಿನ ಮೂರು ವರ್ಷ ಆ ಕೆಲಸಕ್ಕೆ ಮುಖ್ಯಸ್ಥರು, ಕಿಟಕಿಯ ಮೇಜೂ ಅವರದೇ ಎಂದು ಕಡ್ಡಿ ಮುರಿದಂತೆ ಹೇಳಿದರು.

ಐದು ವಾರ ನಾನು ಊಟ ನಿದ್ದೆ ನೋಡಲಿಲ್ಲ. ಮದ್ಯ ಇಳಿಸುವ ತಾಮ್ರದ ಪಾತ್ರೆಯ ಬಣ್ಣವನ್ನೇ ಇಡೀ ಪುಟಕ್ಕೆ ತಂದೆ. ಸಂಜೆ ಬಿಸಿಲಿನಲ್ಲಿ ಪೀಪಾಯಿಗಳ ಚಿತ್ರ, ಅದರ ಕೆಳಗೆ ಹನ್ನೊಂದು ಡಿಸ್ಟಿಲರಿಗಳನ್ನು ಹಾರಕ್ಕೆ ಮಣಿ ಪೋಣಿಸಿದ ಹಾಗೆ ಒಂದೇ ಗೆರೆಯಲ್ಲಿ ಕೂಡಿಸಿದೆ. ನೋಡಿದವರು ಕಣ್ಣು ತೆಗೆಯಬಾರದು, ಹಾಗಿತ್ತು. ಅವಳು ಮಾಡಿದ್ದೇನು? ಅಗ್ಗದ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ ಹದಿನಾರು ಹಾಳೆ. ಮೊದಲ ಹಾಳೆಯಲ್ಲಿ ಚಿತ್ರವೂ ಇಲ್ಲ, ಸ್ವಾಗತವೂ ಇಲ್ಲ. ನಿಮ್ಮಲ್ಲಿ ಗಾಡಿ ಓಡಿಸುವವರು ಯಾರು, ಎಂಬ ಒಂದು ಪ್ರಶ್ನೆ, ಕೆಳಗೆ ನಾನು, ಬೇರೆಯವರು, ಯಾರೂ ಇಲ್ಲ ಎಂದು ಮೂರು ಗುಂಡಿ.

ಪ್ರವಾಸಕ್ಕೆ ಕರೆದು ಬಾಗಿಲಲ್ಲೇ ತಡೆದು ವಿಚಾರಣೆ ಮಾಡುವ ಪೊಲೀಸಿನವರ ಹಾಗಿದೆ ಎಂದು ನಾನು ನಕ್ಕೆ. ಅವಳೂ ನಕ್ಕಳು.

"ಅಲ್ಲ ಅಕ್ಕ, ಹನ್ನೊಂದು ಕಡೆ ಕುಡಿಸಿ ಕಳಿಸ್ತೀವಿ," ಎಂದಳು. "ಮನೆಗೆ ಕರ್ಕೊಂಡು ಹೋಗೋರು ಯಾರು ಅಂತ ಮೊದಲು ಕೇಳ್ಬೇಕಲ್ವಾ?"

ನನ್ನ ನಗು ಅರ್ಧಕ್ಕೇ ನಿಂತಿತು. ಐದು ವಾರದಲ್ಲಿ ಈ ಒಂದು ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಹೇಗೆ ಹೊಳೆದೀತು? ಯಾವ ಕೂಟದಿಂದಲೂ ನಾನು ಗಾಡಿ ಓಡಿಸಿಕೊಂಡು ಬಂದವಳಲ್ಲ, ಹಿಂದಿನ ಸೀಟಿನಲ್ಲಿ ಒರಗಿಕೊಂಡು ಬಂದವಳು. ಆ ಮಧ್ಯಾಹ್ನ ಅವಳ ಹದಿನಾರು ಹಾಳೆಗಳನ್ನು ಹರಿದು ಹಾಕಬೇಕೆನ್ನಿಸಿತು. ಕೈ ಕಟ್ಟಿಕೊಂಡು ಕೂತೆ.

ಸಂಘದ ಮುಂದೆ ಇಡುವ ಮೊದಲು ಎರಡನ್ನೂ ಹೊರಗಿನವರೊಬ್ಬರ ಕೈಗೆ ಕೊಟ್ಟು ಪರೀಕ್ಷೆ ಮಾಡುವುದು ನಮ್ಮ ಪದ್ಧತಿ. ಕಾಗದದ ಮೇಲೇ ಮಾಡುತ್ತೇವೆ. ಬಂದವರು ಹಾಳೆಯ ಮೇಲಿನ ಗುಂಡಿಯನ್ನು ಬೆರಳಿನಿಂದ ಒತ್ತುತ್ತಾರೆ. ಎದುರಿಗೆ ಒಬ್ಬರು ಕಂಪ್ಯೂಟರಾಗಿ ಕೂತಿರುತ್ತಾರೆ. ಒತ್ತಿದ ಗುಂಡಿಗೆ ತಕ್ಕ ಮುಂದಿನ ಹಾಳೆಯನ್ನು ಇಡುವುದಷ್ಟೇ ಅವರ ಕೆಲಸ. ಕಂಪ್ಯೂಟರು ಮಾತಾಡಬಾರದು, ಮುಖದಲ್ಲಿ ಏನೂ ತೋರಿಸಬಾರದು. ಹಾಳೆ ಬರೆದವರು ಹಿಂದೆ ಕೂತು ನೋಡಿದ್ದನ್ನು ಬರೆದುಕೊಳ್ಳುತ್ತಾರೆ, ಅವರೂ ತುಟಿ ಪಿಟಕ್ಕೆನ್ನಬಾರದು. ನನ್ನ ಹಾಳೆಗಳಿಗೆ ಅವಳು ಕಂಪ್ಯೂಟರು, ಅವಳ ಹಾಳೆಗಳಿಗೆ ನಾನು.

ಪರೀಕ್ಷೆಗೆ ಕೆಳಗಿನ ಔಷಧಿ ಅಂಗಡಿಯವರನ್ನು ಕರೆದೆವು. ಅವರು ಕುಡಿಯುವವರಲ್ಲ, ಆದರೆ ಅವರಿಗೆ ಕುಡಿಯುವ ಭಾವಮೈದುನಂದಿರು ಮೂವರಿದ್ದರು. ಮೊದಲು ನನ್ನದು. ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಲೇ ಬೆರಳಾಡಿಸಿದರು. ಮಣಿಹಾರದ ಗೆರೆ ನೋಡಿ, ಓಹೋ ಎಲ್ಲ ಅಕ್ಕಪಕ್ಕದಲ್ಲೇ ಇವೆ, ಊಟದ ಹೊತ್ತಿಗೆ ಹನ್ನೊಂದನ್ನೂ ಮುಗಿಸಬಹುದು ಎಂದರು. ಮೂರನೆಯದರಿಂದ ನಾಲ್ಕನೆಯದಕ್ಕೆ ನಲವತ್ತು ಕಿಲೋಮೀಟರು. ಅಂದಕ್ಕೆಂದು ನಾನು ಎಲ್ಲ ಮಣಿಗಳ ನಡುವೆ ಒಂದೇ ಅಂತರ ಇಟ್ಟಿದ್ದೆ. ಅಷ್ಟು ಹೊತ್ತೂ ಅವಳು ಕಲ್ಲಿನ ಮುಖ ಮಾಡಿಕೊಂಡು, ಒಂದು ಹಾಳೆಯೂ ತಪ್ಪದಂತೆ ಇಟ್ಟಳು. ಕಂಪ್ಯೂಟರಾಗುವುದರಲ್ಲೂ ಅವಳದು ಎತ್ತಿದ ಕೈ.

ಆಮೇಲೆ ಅವಳದು. ಮೊದಲ ಪ್ರಶ್ನೆ ನೋಡಿದ್ದೇ ಔಷಧಿ ಅಂಗಡಿಯವರು ಕುರ್ಚಿಯಲ್ಲಿ ನೆಟ್ಟಗಾದರು. ನಾನು ಎಂಬ ಗುಂಡಿಯನ್ನು ಒತ್ತಿ, ಇದನ್ನು ಯಾರಾದರೂ ಕೇಳಿದರಲ್ಲ ಎಂದರು. ಅವರ ದನಿ ಕೇಳಿ ನನಗೆ ಗೊತ್ತಾಯಿತು, ಕಿಟಕಿಯ ಮೇಜು ಹೋಯಿತು ಎಂದು. ಈಗ ನಾನು ಇಡಬೇಕಾಗಿದ್ದದ್ದು ನಾಲ್ಕನೆಯ ಹಾಳೆ. ಅದರಲ್ಲಿ ದೂರ, ರಸ್ತೆ, ಗಾಡಿ ನಿಲ್ಲಿಸುವ ಜಾಗ ಎಲ್ಲ ಇತ್ತು. ನಾಲ್ಕನೆಯ ಹಾಳೆ ನನ್ನ ಕೈಯಲ್ಲೇ ಇತ್ತು. ಅದನ್ನು ಅಡಿಗೆ ಸರಿಸಿ ಒಂಬತ್ತನೆಯದನ್ನು ಇಟ್ಟೆ. ಏಳು ಬಗೆಯ ಮದ್ಯದ ರುಚಿ ನೋಡಿ, ಮೊದಲು ಯಾವುದನ್ನು ಸುರಿಯೋಣ, ಎನ್ನುವ ಹಾಳೆ ಅದು. ಕೈ ತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದೆ. ಅವಳ ಮಾದರಿ ಕೆಲಸ ಮಾಡುವುದಿಲ್ಲ ಎನ್ನಿಸಿಕೊಳ್ಳಲಿ ಎಂದೇ ಮಾಡಿದೆ.

ಅವರು ಹಾಳೆಯನ್ನು ನೋಡುತ್ತ ಕೂತರು. ಹಿಂದೆ ಅವಳ ಪೆನ್ಸಿಲ್ಲಿನ ಸದ್ದು ನಿಂತಿತು. ಪದ್ಧತಿಯ ಪ್ರಕಾರ ಅವಳು ಬಾಯಿ ಬಿಡುವಂತಿಲ್ಲ, ಅದನ್ನು ನಂಬಿಯೇ ನಾನು ಇಟ್ಟಿದ್ದೆ.

"ನೋಡಿದ್ರಾ," ಎಂದರು ಅವರು ಕೊನೆಗೆ. "ನಾನು ಗಾಡಿ ಓಡಿಸೋನು ಅಂದ್ಮೇಲೂ ಇದನ್ನೇ ತೋರಿಸ್ತಾರೆ. ಎಲ್ಲಾ ಕಡೆ ಇದೇ ಕಥೆ. ಅವ್ರೆಲ್ಲ ಒಳಗೆ ಕುಡೀತಿರ್ತಾರೆ, ನಾನು ಕಾರಲ್ಲಿ ಎರಡು ಗಂಟೆ ಸ್ಟಿಯರಿಂಗ್ ಮೇಲೆ ತಲೆ ಇಟ್ಕೊಂಡು ಕೂತಿರ್ತೀನಿ. ನಂಗೇನಿದೆ ಇಲ್ಲಿ?"

ಅವಳ ಪೆನ್ಸಿಲ್ ಮತ್ತೆ ಓಡತೊಡಗಿತು. ಔಷಧಿ ಅಂಗಡಿಯವರು ಇನ್ನೂ ಅರ್ಧ ಗಂಟೆ ಮಾತಾಡಿದರು. ಯಾರೂ ಇದುವರೆಗೆ ಕೇಳದೆ ಇದ್ದದ್ದನ್ನೆಲ್ಲ ಹೇಳಿದರು.

ಮಾರನೆಯ ದಿನ ಅವಳು ಹದಿನೇಳನೆಯ ಹಾಳೆ ತಂದಳು. ಮೇಲೆ ಓಡಿಸುವವರಿಗೆ ಎಂದು ಬರೆದಿತ್ತು. ಉಳಿದವರು ಗ್ಲಾಸು ಹಿಡಿದು ನಿಂತಾಗ ಗಾಡಿ ಓಡಿಸುವವರನ್ನು ತಾಮ್ರದ ಪಾತ್ರೆಯ ಹತ್ತಿರ, ಪೀಪಾಯಿಗಳ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ತೋರಿಸುವ ಹೊತ್ತು, ಕಾಲು ಚಾಚಿ ಕೂರುವ ಜಾಗ, ಅವರಿಗೆ ತಪ್ಪಿದ ಪ್ರತಿಯೊಂದು ರುಚಿಯೂ ಪುಟ್ಟ ಬಾಟಲಿಯಲ್ಲಿ ಬಿರಡೆ ಹಾಕಿ ಮನೆಗೆ. ನಾನು ಅವಳ ಕಾಲಿಗೆ ಅಡ್ಡ ಹಾಕಿದ್ದನ್ನು ಅವಳು ಮೆಟ್ಟಿಲು ಮಾಡಿಕೊಂಡಿದ್ದಳು. ತಪ್ಪು ಹಾಳೆಯ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಗೊತ್ತಾಗಿಲ್ಲವೇನೋ ಅಂದುಕೊಂಡೆ. ಗೊತ್ತಾಗದಿರಲಿ ಎಂದು ಬೇಡಿಕೊಂಡೆ ಕೂಡ.

ಸಂಘದ ಸಭೆ ನಮ್ಮ ಆಫೀಸಿನಲ್ಲೇ ಆಯಿತು. ಹನ್ನೊಂದರಲ್ಲೆಲ್ಲ ಹಳೆಯ ಡಿಸ್ಟಿಲರಿಯನ್ನು ಗಂಡ ಹೋದ ಮೇಲೆ ಒಬ್ಬಳೇ ನಡೆಸುತ್ತಿದ್ದ ಹೆಂಗಸು ಅಧ್ಯಕ್ಷೆ. ನನ್ನ ತಾಮ್ರದ ಬಣ್ಣವನ್ನು ನೋಡಿ, ಅಂದವಾಗಿದೆ ಎಂದು ಪಕ್ಕಕ್ಕಿಟ್ಟಳು. ಹದಿನೇಳನೆಯ ಹಾಳೆಯನ್ನು ಮಾತ್ರ ಎರಡು ಕೈಯಲ್ಲೂ ಹಿಡಿದುಕೊಂಡಳು. ನಲವತ್ತು ವರ್ಷ ತಾನು ಬಾಗಿಲಲ್ಲಿ ನಿಂತು ಜನರನ್ನು ಒಳಗೆ ಕರೆದಿದ್ದೇನೆ, ಕಾರಿನಲ್ಲಿ ಉಳಿದವರ ಕಡೆ ಒಮ್ಮೆಯೂ ನೋಡಿಲ್ಲ ಎಂದಳು. ಇದು ಯಾರಿಗೆ ಹೊಳೆದದ್ದು ಎಂದು ಕೇಳಿದಳು.

ಓರಗಿತ್ತಿ ನನ್ನ ಕಡೆ ತಿರುಗಿದಳು.

"ಪರೀಕ್ಷೆ ದಿನ ಒಂದು ಬೇರೆ ಹಾಳೆ ಬಂತು, ಅದರಿಂದ ಆಗಿದ್ದು," ಎಂದಳು. "ಅದು ಹೇಗೆ ಬಂತು ಅಂತ ಅಕ್ಕ ಹೇಳ್ತಾರೆ."

ಆಗ ತಿಳಿಯಿತು, ಅವಳಿಗೆ ಎಲ್ಲ ಗೊತ್ತು ಎಂದು. ಯಜಮಾನರು, ಅಧ್ಯಕ್ಷೆ, ಸಂಘದ ಆರು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಕೈ ತಪ್ಪಿತು ಎಂದು ಹೇಳಿ ಪಾರಾಗಬಹುದಿತ್ತು. ಹೊಟ್ಟೆಕಿಚ್ಚಿಗೆ ಮಾಡಿದೆ ಎಂದು ಹೇಳಿ ಅಲ್ಲೇ ಸತ್ತುಹೋಗಬಹುದಿತ್ತು. ನಾನು ಎರಡನ್ನೂ ಬಿಟ್ಟೆ.

"ನಾನೇ ಬೇಕಂತ ಇಟ್ಟೆ," ಎಂದೆ. "ಗಾಡಿ ಓಡಿಸೋರ ಮನಸಲ್ಲಿ ಏನಿದೆ ಅಂತ ಹೊರಗೆ ಬರಲಿ ಅಂತ."

ಅಧ್ಯಕ್ಷೆ ತಲೆದೂಗಿದಳು. ಯಜಮಾನರು ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಬೆನ್ನು ತಟ್ಟಿದರು. ಹಾಳೆ ಬರೆದವಳು ಅವಳು, ಆದರೆ ಇಂಥ ಜಾಣ ಪರೀಕ್ಷೆ ಮಾಡಿದ ಹಿರಿಯಳು ನಾನು. ಮಾದರಿ ಅವಳದೇ ಆಗಲಿ, ಮೂರು ವರ್ಷದ ಕೆಲಸಕ್ಕೆ ತಲೆಯಾಗಿ ನಾನೇ ಇರಲಿ ಎಂದು ಅಲ್ಲೇ ತೀರ್ಮಾನವಾಯಿತು. ಅವಳು ಎಲ್ಲರಿಗೂ ಚಹಾ ತರಲು ಎದ್ದು ಹೋದಳು.

ಸಂಜೆ ಮೆಟ್ಟಿಲಿಳಿಯುವಾಗ ನನಗಿಂತ ಎರಡು ಮೆಟ್ಟಿಲು ಕೆಳಗೆ ನಿಂತು ತಿರುಗಿದಳು. ಕಣ್ಣು ಕೆಂಪಗಿತ್ತು, ದನಿ ಮಾತ್ರ ಮಾಮೂಲಿನ ಹಾಗೇ ಇತ್ತು.

"ಆವತ್ತೇ ಗೊತ್ತಾಯ್ತು ಅಕ್ಕ. ಇವತ್ತು ನಿಜ ಹೇಳ್ತೀರೇನೋ ಅಂತ ಕೇಳಿದೆ," ಎಂದಳು. "ನೀವು ಕಲಿಸಿದ್ದಲ್ವಾ ಈ ಕೆಲಸ. ಕೇಳಿದ್ರೆ ನಾನೇ ಬಿಟ್ಕೊಡ್ತಿದ್ದೆ ಆ ಮೇಜನ್ನ."

ಬಿಟ್ಟುಕೊಡುತ್ತಿದ್ದಳಂತೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕೆನ್ನೆಗೆ ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಒಂದು ತಿಂಗಳಿಗೆ ಅವಳು ಆಫೀಸು ಬಿಟ್ಟಳು. ಮನೆಯಲ್ಲಿ ವಿಷಯ ಇವತ್ತು ಸಿಡಿಯುತ್ತದೆ, ನಾಳೆ ಸಿಡಿಯುತ್ತದೆ ಎಂದು ನಾನು ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅತ್ತೆಯ ಮುಂದೆ ಒಂದು, ಗಂಡನ ಮುಂದೆ ಒಂದು, ಮೈದುನನ ಮುಂದೆ ಒಂದು. ಯಾರೂ ಕೇಳಲಿಲ್ಲ, ಏಕೆಂದರೆ ಅವಳು ಯಾರಿಗೂ ಹೇಳಿರಲಿಲ್ಲ. ಹಬ್ಬ ಹರಿದಿನಕ್ಕೆ ಸೇರಿದರೆ ನನಗೂ ಎಲ್ಲರಿಗೂ ಬಡಿಸುವಷ್ಟೇ ಬಡಿಸುತ್ತಾಳೆ, ಅಕ್ಕ ಎಂದೇ ಕರೆಯುತ್ತಾಳೆ. ತಮಾಷೆ ಮಾತ್ರ ನನ್ನ ಹತ್ತಿರ ಮಾಡುವುದಿಲ್ಲ.

ಸೈಟು ಶುರುವಾಯಿತು. ಅದರ ಅಡಿಯಲ್ಲಿ ನನ್ನ ಹೆಸರಿದೆ. ಕಿಟಕಿಯ ಮೇಜಿನಲ್ಲಿ ಮಧ್ಯಾಹ್ನ ಕಣ್ಣಿಗೆ ಬಿಸಿಲು ಹೊಡೆಯುತ್ತದೆ ಎನ್ನುವುದು ಅಲ್ಲಿ ಕೂತ ಮೇಲೆ ತಿಳಿಯಿತು. ಮೊದಲ ಪ್ರಶ್ನೆಗೆ ಯಾರೂ ಇಲ್ಲ ಎಂದು ಒತ್ತುವವರೇ ಹೆಚ್ಚಾಗಿ, ಸಂಘದವರು ಒಂದು ವ್ಯಾನು ಇಟ್ಟರು. ಅದನ್ನು ಓಡಿಸಲು ಅಧ್ಯಕ್ಷೆ ಕರೆದದ್ದು ನನ್ನ ಓರಗಿತ್ತಿಯನ್ನು. ಈಗ ಅವಳು ದಿನವಿಡೀ ನದಿಯ ಪಕ್ಕದ ರಸ್ತೆಯಲ್ಲಿ ಹನ್ನೆರಡು ಜನರನ್ನು ಕೂರಿಸಿಕೊಂಡು ಓಡಾಡುತ್ತಾಳೆ. ಸ್ವಲ್ಪ ಮೈ ತುಂಬಿಕೊಂಡಿದ್ದಾಳೆ, ಮುಖಕ್ಕೆ ಕಳೆಯೂ ಬಂದಿದೆ. ಅವಳ ಗಂಡ ಕೂಟಗಳಿಂದ ಬಸ್ಸಿನಲ್ಲಿ ಬರುವುದನ್ನು ಕಲಿತಿದ್ದಾನೆ. ನನಗೆ ಈ ವ್ಯಾನಿನ ಮೇಲೂ ಹೊಟ್ಟೆಕಿಚ್ಚಾಯಿತು ಎಂದು ಬೇರೆ ಹೇಳಬೇಕೇ?

ಪ್ರವಾಸಿಗರು ಸೈಟಿನಲ್ಲಿ ಬರೆಯುವ ಅನಿಸಿಕೆಗಳು ಮೊದಲು ನನ್ನ ಕಣ್ಣಿಗೆ ಬೀಳುತ್ತವೆ. ಓದಿ, ತಪ್ಪು ತಿದ್ದಿ, ಪುಟಕ್ಕೆ ಹಾಕುವುದು ಮುಖ್ಯಸ್ಥೆಯ ಕೆಲಸ. ಬೇಡವಾದದ್ದನ್ನು ಅಳಿಸುವ ಅಧಿಕಾರವೂ ನನಗುಂಟು. ಮದ್ಯದ ಬಗ್ಗೆ ಒಂದು ಸಾಲು ಬರೆಯುವವರು ವ್ಯಾನಿನ ಹೆಂಗಸಿನ ಬಗ್ಗೆ ಮೂರು ಸಾಲು ಬರೆಯುತ್ತಾರೆ. ಪ್ರತಿ ಸೋಮವಾರ ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಹಾಕುತ್ತೇನೆ. ಮತ್ತೊಂದು ಹಾಳೆಯನ್ನು ಅಡಿಗೆ ಸರಿಸುವ ಧೈರ್ಯ ನನಗಿಲ್ಲ.

ಹೋದ ಸೋಮವಾರ ಒಬ್ಬ ಹೆಂಗಸು ಬರೆದಿದ್ದಳು. ಗಂಡ ಸತ್ತ ಮೇಲೆ ಅಕ್ಕತಂಗಿಯರ ಒತ್ತಾಯಕ್ಕೆ ಮೊದಲ ಬಾರಿ ಹೊರಗೆ ಬಂದವಳಂತೆ, ಕುಡಿಯುವುದಿಲ್ಲವಂತೆ. ಉಳಿದವರು ಒಳಗಿದ್ದಾಗ ವ್ಯಾನು ಓಡಿಸುವವರು ಪಕ್ಕದಲ್ಲಿ ಬಂದು ಕೂತರು, ಏನೂ ಕೇಳಲಿಲ್ಲ, ಎರಡು ಲೋಟ ಚಹಾ ತಂದರು. ಯಾವ ಮನೆಯವರಿಗೆ ಇವರು ದಿನವೂ ಸಿಗುತ್ತಾರೋ ಅವರು ಪುಣ್ಯವಂತರು, ಇದನ್ನು ಓದಿದವರು ವ್ಯಾನಿನವರಿಗೆ ದಯವಿಟ್ಟು ತಿಳಿಸಿ ಎಂದು ಬರೆದಿದ್ದಳು. ತಿದ್ದುವುದಕ್ಕೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಫೋನು ಎತ್ತಿ ಓರಗಿತ್ತಿಗೆ ಅದನ್ನು ಪೂರ್ತಿ ಓದಿ ಹೇಳಿದೆ. ಆ ಕಡೆ ವ್ಯಾನಿನ ಸದ್ದು ಕೇಳುತ್ತಿತ್ತು, ಅವಳು ಎಲ್ಲೋ ರಸ್ತೆ ಪಕ್ಕಕ್ಕೆ ನಿಲ್ಲಿಸಿದಳು.

"ಯಾರು ಅಕ್ಕ ಬರೆದಿದ್ದು?" ಎಂದು ಕೇಳಿದಳು.

ಯಾರೋ ಪರಿಚಯವಿಲ್ಲದವರು ಎಂದೆ. ಫೋನು ಇಟ್ಟ ಮೇಲೂ ಅದೇ ನಾಲ್ಕು ಸಾಲನ್ನು ನೋಡುತ್ತ ಕೂತಿದ್ದೆ. ಅರ್ಧ ದಿನ ಅವಳ ಜೊತೆಗಿದ್ದು ಅಷ್ಟು ಸಲೀಸಾಗಿ ಅದನ್ನು ಬರೆದು ಹೋದ ಆ ಹೆಂಗಸಿನ ಮೇಲೆ ನನಗೆ ಹಿಂದೆ ಯಾರ ಮೇಲೂ ಆಗದಷ್ಟು ಹೊಟ್ಟೆಕಿಚ್ಚಾಯಿತು.